ಬೀದಿ ಅಳೆದ ಡಾಕ್ಟ್ರು

ಹತ್ತಿರದ ನಲ್ಲಿ ಯಾವುದು ಅಂತ ಹೇಳೋ ವೆಬ್ ಪ್ರಾಸೆಸಿಂಗ್ ಸರ್ವಿಸನ್ನು ನಾವು ಪೈಥಾನ್‌ನಲ್ಲೂ ಜಾವಾದಲ್ಲೂ ಬರೆದ್ವಿ. ಆಗ ನೆನಪಾದವರು ಜಾನ್ ಸ್ನೋ.

1813ರಲ್ಲಿ ಇಂಗ್ಲೆಂಡಿನ ಯಾರ್ಕ್‌ನಲ್ಲಿ ಕೂಲಿಕಾರರ ಮನೇಲಿ ಹುಟ್ಟಿ, ಲಂಡನ್ನಿನಲ್ಲಿ ಡಾಕ್ಟರಾದರು. 1854ರಲ್ಲಿ ಅಲ್ಲಿನ ಸೋಹೋದಲ್ಲಿ ಕಾಲರಾಗೆ 600ಕ್ಕೂ ಹೆಚ್ಚು ಜನ ಸತ್ತರು. ಕೆಟ್ಟ ಗಾಳಿಯೇ ಕಾರಣ ಅಂತ ಬಹಳ ಜನ ನಂಬಿದ್ದರು. ಸ್ನೋ ಮನೆಮನೆಗೆ ಹೋಗಿ, ಕುಡಿದ ನೀರು ಎಲ್ಲಿಯದು ಅಂತ ವಿಚಾರಿಸಿದರು. ಸಾವುಗಳು ಬ್ರಾಡ್ ಸ್ಟ್ರೀಟ್ ಪಂಪಿನ ಸುತ್ತಲೇ ಹೆಚ್ಚಿದ್ದವು. ಸೆಪ್ಟೆಂಬರ್ 8ರಂದು ಅದರ ಹಿಡಿಕೆ ಕಳಚಿಸಲಾಯಿತು. ಆ ಪಂಪು ಯಾವ ಮನೆಗಳಿಗೆ ಹತ್ತಿರ ಅಂತ ಆಮೇಲೆ ನಕ್ಷೆಯಲ್ಲಿ ಗೆರೆ ಎಳೆದು ತೋರಿಸಿದರು. 1858ರಲ್ಲಿ, 45ನೇ ವಯಸ್ಸಿಗೆ ತೀರಿಕೊಂಡಾಗಲೂ ಬಹಳಷ್ಟು ವೈದ್ಯರು ಅವರ ಮಾತು ಒಪ್ಪಿರಲಿಲ್ಲ.

ಸ್ನೋ ಅಳೆದದ್ದು ಜನ ನಡೆಯೋ ಬೀದಿಯ ದೂರ. ನಮ್ಮ ಕೋಡು ಅಳೆದದ್ದು ನೇರ ಗೆರೆ. ಎರಡೂ ಭಾಷೆಗಳಲ್ಲಿ ಒಂದೇ ತಪ್ಪು ಉತ್ತರ ಬಂತು. ತಪ್ಪು ಭಾಷೆಯದಲ್ಲ, ನಮ್ಮದೇ.