ಸೋರ್ ಹ್ವಾನಾಳ ಭಕ್ತಿಗೀತಗಳಲ್ಲಿ ಕಪ್ಪು ಜನರ ದನಿ

ಸ್ಪೇನಿನ ಆಳ್ವಿಕೆಯಲ್ಲಿದ್ದ ಮೆಕ್ಸಿಕೊದ ಕ್ರೈಸ್ತ ಸಂನ್ಯಾಸಿನಿ ಸೋರ್ ಹ್ವಾನಾ ಇನೆಸ್ ದೆ ಲಾ ಕ್ರೂಸ್ ಹದಿನೇಳನೆಯ ಶತಮಾನದ ಸ್ಪ್ಯಾನಿಷ್ ಸಾಹಿತ್ಯದ ಪ್ರಮುಖ ಕವಯಿತ್ರಿ. ‘ಸೋರ್’ ಎಂದರೆ ಸೋದರಿ; ಕನ್ಯಾಮಠದ ಸ್ತ್ರೀಯರಿಗೆ ಸಲ್ಲುವ ಗೌರವಪದ. ಜ್ಞಾನಾರ್ಜನೆಗಾಗಿ ಈಕೆ ನಡೆಸಿದ ಹೋರಾಟ ಸುಪ್ರಸಿದ್ಧ. ಈಕೆಯ ಭಕ್ತಿಗೀತಗಳಲ್ಲಿ ಆಫ್ರಿಕನ್ ಗುಲಾಮರು ಮಾತನಾಡುವ ಬಗೆಯೂ ಅಷ್ಟೇ ವಿಚಾರಾರ್ಹವಾದುದು.

ಈಕೆ ಹುಟ್ಟಿದ್ದು ಮೆಕ್ಸಿಕೊ ನಗರದ ಆಗ್ನೇಯಕ್ಕಿರುವ ನೆಪಾಂತ್ಲಾ ಗ್ರಾಮದಲ್ಲಿ. ಜನನವರ್ಷವನ್ನು ವಿದ್ವಾಂಸರು 1648 ಅಥವಾ 1651 ಎಂದು ಗಣಿಸುತ್ತಾರೆ. ತಾಯ್ತಂದೆಯರು ವಿವಾಹಿತರಾಗಿರಲಿಲ್ಲ. ತಾತನ ಪುಸ್ತಕಗಳನ್ನೋದಿ ಬೆಳೆದು, ತರುಣಿಯಾಗಿ ವೈಸರಾಯನ ಆಸ್ಥಾನವನ್ನು ಸೇರಿದಳು. ವ್ಯಾಸಂಗಕ್ಕೆ ವಿವಾಹಕ್ಕಿಂತ ಮಠಜೀವನವೇ ಅನುಕೂಲವೆಂದು ಬಗೆದು 1669ರಲ್ಲಿ ಸಂತ ಜೆರೋಮನ ಪಂಥದ ದೀಕ್ಷೆ ಪಡೆದಳು.

ಹಬ್ಬಗಳ ಪ್ರಾರ್ಥನೆಯಲ್ಲಿ ಹಾಡಲು ಚರ್ಚುಗಳು ‘ವಿಯಾನ್ಸಿಕೊ’ ಎಂಬ ಗೀತಮಾಲೆಗಳನ್ನು ಬರೆಸುತ್ತಿದ್ದವು. ಇವುಗಳ ಕೊನೆಯಲ್ಲಿ ಕಪ್ಪು ಗುಲಾಮನ ಪಾತ್ರವನ್ನು ತಂದು, ಅವನ ಉಚ್ಚಾರಣೆಯನ್ನು ತೊದಲಾಗಿಸಿ ನಗೆಯೆಬ್ಬಿಸುವುದು ಸ್ಪೇನಿನಿಂದಲೇ ಬಂದ ಸಂಪ್ರದಾಯ. ಹ್ವಾನಾ ಈ ಸಂಪ್ರದಾಯವನ್ನು ಬಿಡಲಿಲ್ಲ. ಆದರೆ ಅದರೊಳಗೆ ಬೇರೊಂದು ದನಿಯನ್ನು ಸೇರಿಸಿದಳು.

1677ರಲ್ಲಿ ಸಂತ ಪೇದ್ರೊ ನೊಲಾಸ್ಕೊನ ಹಬ್ಬಕ್ಕೆ ಬರೆದ ಮಾಲೆ ಇದಕ್ಕೆ ನಿದರ್ಶನ. ಸೆರೆಸಿಕ್ಕ ಕ್ರೈಸ್ತರನ್ನು ಹಣತೆತ್ತು ಬಿಡಿಸುವುದು ಈ ಸಂತನ ಸಂಘದ ವ್ರತ. ಹಾಡಿನ ಗುಲಾಮ ತಾನು ದುಡಿಯುವ ನೇಯ್ಗೆಯ ಕಾರ್ಯಾಗಾರದಿಂದ ತನ್ನನ್ನೇಕೆ ಬಿಡಿಸುತ್ತಿಲ್ಲವೆಂದು ಕೇಳುತ್ತಾನೆ. ಬಿಡುಗಡೆ ಬಿಳಿಯರಿಗಷ್ಟೇ ಎಂದು ಆಕ್ಷೇಪಿಸಿ, ಕಪ್ಪಗಿದ್ದರೂ ತಾವು ಮನುಷ್ಯರೇ ಎನ್ನುತ್ತಾನೆ. ಮರುಕ್ಷಣವೇ ಇದು ಸೈತಾನನ ಪ್ರೇರಣೆಯೆಂದು ಪಶ್ಚಾತ್ತಾಪಪಟ್ಟು, ದೇಹ ನೊಂದರೂ ಆತ್ಮ ಮುಕ್ತವೆಂದು ಸಮಾಧಾನಗೊಳ್ಳುತ್ತಾನೆ. ಪ್ರಶ್ನೆಯನ್ನು ಹಾಡು ಹಿಂತೆಗೆದುಕೊಂಡರೂ ಚರ್ಚಿನೊಳಗೆ ಅದು ಕೇಳಿಸಿತೆಂಬುದು ಮುಖ್ಯ.

ಕವಯಿತ್ರಿಯ ಬದುಕು ಈ ಪ್ರಶ್ನೆಗೆ ಹೊರತಾಗಿರಲಿಲ್ಲ. ತಾಯಿ ಕೊಟ್ಟಿದ್ದ ಮಿಶ್ರವರ್ಣದ ಗುಲಾಮಳೊಬ್ಬಳು ಮಠದಲ್ಲಿ ಆಕೆಯ ಸೇವೆಗಿದ್ದಳು. 1684ರಲ್ಲಿ ಅವಳನ್ನು ಹ್ವಾನಾ ತನ್ನ ಸೋದರಿಗೆ ಮಾರಿದಳು. ಸ್ತ್ರೀಯರ ವಿದ್ಯಾಧಿಕಾರವನ್ನು 1691ರ ಪತ್ರದಲ್ಲಿ ಸಮರ್ಥಿಸಿದ ಈಕೆ, ಸಾಂಕ್ರಾಮಿಕ ರೋಗಪೀಡಿತ ಮಠವಾಸಿನಿಯರ ಶುಶ್ರೂಷೆಯಲ್ಲಿದ್ದಾಗ ತಾನೂ ರೋಗಕ್ಕೆ ತುತ್ತಾಗಿ 1695ರ ಏಪ್ರಿಲ್ 17ರಂದು ತೀರಿಕೊಂಡಳು.

ಹಳಿಯಾಳ, ಯಲ್ಲಾಪುರ, ಕಲಘಟಗಿ ಪರಿಸರದ ಸಿದ್ದಿಯರ ಪೂರ್ವಜರಲ್ಲಿ ಪೋರ್ಚುಗೀಸರು ಗೋವೆಗೆ ತಂದ ಆಫ್ರಿಕನ್ ಗುಲಾಮರೂ ಇದ್ದರು. ಅವರ ಡಮಾಮಿ ಹಾಡುಗಳಲ್ಲಿ ಸಮುದಾಯವೇ ತನ್ನ ದನಿಯಲ್ಲಿ ಹಾಡುತ್ತದೆ. ಹ್ವಾನಾಳ ಗೀತಗಳಲ್ಲಿ ಆ ದನಿ ಎರವಲಿನದು. ಅನ್ಯರ ನೋವನ್ನು ನುಡಿಸಬಲ್ಲ ಕಾವ್ಯಶಕ್ತಿ ತಾನೇ ತಾನಾಗಿ ಕವಿಯನ್ನು ತನ್ನ ಕಾಲದ ಅನ್ಯಾಯದಿಂದ ಬಿಡಿಸಲಾರದೆಂಬುದಕ್ಕೆ ಆಕೆಯ ಜೀವನವೇ ಸಾಕ್ಷಿ.