ಪ್ರದರ್ಶನಕ್ಕಿಟ್ಟವರನ್ನು ನಮ್ಮವರೆಂದ ಹೊಸೆ ರಿಸಾಲ್

ಫಿಲಿಪ್ಪೀನ್ಸಿನಲ್ಲಿ ಹೊಸೆ ರಿಸಾಲರ ಹೆಸರು ಕೇಳದ ಮಗುವಿಲ್ಲ. 1861ರ ಜೂನ್ 19ರಂದು ಕಲಾಂಬಾದಲ್ಲಿ ಹುಟ್ಟಿದ ಅವರು ಮನಿಲಾದಲ್ಲಿ ಯೇಸುಸಭೆಯ ಗುರುಗಳ ಶಾಲೆಯಲ್ಲಿ ಓದಿ, ಮುಂದೆ ಯುರೋಪಿನಲ್ಲಿ ಕಣ್ಣಿನ ವೈದ್ಯ ಕಲಿತರು. ಸ್ಪೇನಿನ ಆಡಳಿತವನ್ನೂ ಅಲ್ಲಿನ ಮಠದ ಗುರುಗಳ ದರ್ಪವನ್ನೂ ಖಂಡಿಸಿದ ಅವರ ಕಾದಂಬರಿ 1887ರಲ್ಲಿ ಬರ್ಲಿನ್ನಿನಲ್ಲಿ ಅಚ್ಚಾಯಿತು. ಆ ಮಾತುಗಳು ಕಥೋಲಿಕರಾದ ನಮಗೆ ಹಿತವಾಗಲಿಕ್ಕಿಲ್ಲ. ಹಾಗೆಂದು ಮುಚ್ಚಿಡುವಂಥದ್ದೂ ಅಲ್ಲ. ನಾವು ಹೇಳಹೊರಟದ್ದು ಮಾತ್ರ ಅದೇ ವರ್ಷದ ಇನ್ನೊಂದು ಸಂಗತಿ.

ಆ ಬೇಸಿಗೆಯಲ್ಲಿ ಸ್ಪೇನ್ ಸರ್ಕಾರ ಮ್ಯಾಡ್ರಿಡ್‌ನ ರೆತಿರೊ ಉದ್ಯಾನದಲ್ಲಿ ಫಿಲಿಪ್ಪೀನ್ಸ್ ವಸ್ತುಪ್ರದರ್ಶನ ನಡೆಸಿತು. ತಂಬಾಕು, ಮರಮುಟ್ಟು, ಗಿಡಬಳ್ಳಿಗಳ ಜೊತೆಗೆ ಸುಮಾರು 40 ಮಂದಿ ಮನುಷ್ಯರನ್ನೂ ಹಡಗಿನಲ್ಲಿ ತರಿಸಿತು. ಗುಡ್ಡಗಾಡಿನ ಇಗೊರೊಟ್ ಜನ, ಹೊಲೊ ದ್ವೀಪದ ಮುಸ್ಲಿಮರು, ಕರೊಲಿನ್ ದ್ವೀಪದವರು ಅವರಲ್ಲಿದ್ದರು. ಗುಡಿಸಲು ಕಟ್ಟಿ ಅವರನ್ನು ನೋಡುವವರ ಮುಂದೆ ಇಟ್ಟರು. ಹೊಲೊದಿಂದ ಬಂದಿದ್ದ ಒಬ್ಬ ಹೆಂಗಸು ನ್ಯುಮೋನಿಯಾದಿಂದ ಆ ಪರದೇಶದಲ್ಲೇ ತೀರಿಕೊಂಡಳು. ಅದನ್ನೂ ಒಂದು ಪತ್ರಿಕೆ ನಗೆಚಾಟಿಕೆ ಮಾಡಿತು.

ಜಿನೀವಾದಲ್ಲಿದ್ದ ರಿಸಾಲರಿಗೆ ಸುದ್ದಿ ತಿಳಿದು ಕರುಳು ಕಿವುಚಿದಂತಾಯಿತು. ಗೆಳೆಯ ಬ್ಲುಮೆಂಟ್ರಿಟ್ಟರಿಗೆ ಬರೆದ ಕಾಗದದಲ್ಲಿ, ಅದು ಕೈಕಸುಬಿನ ಪ್ರದರ್ಶನವಾಗಬೇಕಿತ್ತೇ ಹೊರತು ಮನುಷ್ಯರದ್ದಲ್ಲ ಎಂದು ನೊಂದುಕೊಂಡರು. ರಿಸಾಲರು ದೀಕ್ಷಾಸ್ನಾನ ಪಡೆದ, ಓದಿದ, ಕೋಟು ತೊಟ್ಟ ತಗಲೋಗರು. ಆ ಗುಡ್ಡದವರು ಬೇರೆ, ತಾವು ಬೇರೆ ಎಂದು ಕೈತೊಳೆದುಕೊಳ್ಳುವುದು ಸುಲಭವಿತ್ತು. ಓದಿದ ಕೆಲವರಿಗೆ ಆ ಮುಜುಗರ ಇದ್ದೇ ಇತ್ತು. ಇವರೋ ಅವರನ್ನು ತಮ್ಮ ನಾಡಿನವರೆಂದೇ ಕರೆದರು.

ಮುಂದಿನ ವರ್ಷ ಲಂಡನ್ನಿಗೆ ಹೋಗಿ, ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಕೂತು, 1609ರಲ್ಲಿ ಮೊರ್ಗಾ ಎಂಬ ಸ್ಪೇನಿನ ಅಧಿಕಾರಿ ಬರೆದ ಚರಿತ್ರೆಯನ್ನು ಕೈಯಾರೆ ನಕಲು ಮಾಡಿದರು. ಸ್ಪೇನಿನವರು ಬರುವ ಮೊದಲೇ ತಮ್ಮ ಜನರಿಗೆ ಕಸುಬು, ವ್ಯಾಪಾರ, ಬರಹ ಎಲ್ಲ ಇತ್ತೆಂದು ಅಡಿಟಿಪ್ಪಣಿಗಳಲ್ಲಿ ತೋರಿಸಿ ಪ್ಯಾರಿಸ್ಸಿನಲ್ಲಿ ಅಚ್ಚು ಹಾಕಿಸಿದರು. 1889ರಲ್ಲಿ ಅದೇ ಊರಲ್ಲಿ ದೊಡ್ಡ ಮೇಳ ನಡೆದಾಗ ಅಮೆರಿಕದ ಮೂಲನಿವಾಸಿಗಳ ಕುದುರೆ ಸವಾರಿ ನೋಡಿ, ಗೆಳೆಯರೊಡನೆ ಧೀರ ಇಂಡಿಯೊಗಳು ಎಂಬ ಕೂಟ ಕಟ್ಟಿದರು. ಇಂಡಿಯೊ ಎಂಬುದು ಸ್ಪೇನಿನವರು ಅವರನ್ನು ಹೀಯಾಳಿಸುತ್ತಿದ್ದ ಹೆಸರು.

ಆಮೇಲೆ ನಾಲ್ಕು ವರ್ಷ ದಾಪಿತಾನ್‌ನಲ್ಲಿ ಗಡಿಪಾರು. ಅಲ್ಲೂ ಶಾಲೆ ನಡೆಸಿದರು, ಕಣ್ಣಿನ ಚಿಕಿತ್ಸೆ ಮಾಡಿದರು. 1896ರ ಡಿಸೆಂಬರ್ 30ರಂದು ಮನಿಲಾದಲ್ಲಿ ಅವರನ್ನು ಗುಂಡಿಟ್ಟು ಕೊಂದರು. ಹಿಂದಿನ ರಾತ್ರಿ ಯೇಸುಸಭೆಯ ಗುರುಗಳು ಸೆರೆಮನೆಗೆ ಬಂದು ಜೊತೆಗಿದ್ದರು.

ಸ್ಪೇನ್ ಹೋಗಿ ಅಮೆರಿಕ ಬಂತು. 1904ರ ಸೇಂಟ್ ಲೂಯಿಸ್ ಮೇಳಕ್ಕೆ ಸಾವಿರಕ್ಕೂ ಹೆಚ್ಚು ಫಿಲಿಪ್ಪೀನ್ಸ್ ಜನರನ್ನು ಕರೆದೊಯ್ದರು. ಇಗೊರೊಟ್ಟರನ್ನು ನೋಡಲು ಮತ್ತೆ ಜನ ಮುಗಿಬಿದ್ದರು. ರಿಸಾಲರು ಬದುಕಿದ್ದರೆ ಆ ವರ್ಷ ಅವರಿಗೆ 43 ತುಂಬುತ್ತಿತ್ತು.