ಕೆ. ಎನ್. ಉಡುಪ

ಕಟೀಲು ನರಸಿಂಹ ಉಡುಪ (1920–1992) ಭಾರತದ ಶಸ್ತ್ರಚಿಕಿತ್ಸಕ, ವೈದ್ಯಕೀಯ ಸಂಶೋಧಕ ಮತ್ತು ಆಡಳಿತಗಾರ. ಇವರು ಕಾಶಿ ಹಿಂದೂ ವಿಶ್ವವಿದ್ಯಾಲಯದ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಸ್ಥಾಪಕ ನಿರ್ದೇಶಕರು. ಗಾಯ ಮಾಯುವಿಕೆ, ಮೂಳೆ ಕೂಡುವಿಕೆ ಹಾಗೂ ಒತ್ತಡದಿಂದ ಉಂಟಾಗುವ ಜಠರ ಮತ್ತು ರಕ್ತನಾಳ ಸಂಬಂಧಿ ರೋಗಗಳು ಇವರ ಸಂಶೋಧನೆಯ ಮುಖ್ಯ ಕ್ಷೇತ್ರಗಳು. ಆಯುರ್ವೇದದ ಔಷಧ ಮತ್ತು ಕ್ರಮಗಳನ್ನು ಆಧುನಿಕ ಪ್ರಯೋಗಾಲಯದಲ್ಲಿ ಅಳೆದು ನೋಡಿದ ಮೊದಲ ತಲೆಮಾರಿನ ಶಸ್ತ್ರಚಿಕಿತ್ಸಕರಲ್ಲಿ ಇವರೊಬ್ಬರು.

ಜನನ ಮತ್ತು ಶಿಕ್ಷಣ

ಉಡುಪರು 1920ರಲ್ಲಿ ಕರಾವಳಿಯ ಅಂದಿನ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಜನಿಸಿದರು. ಆಗ ಈ ಜಿಲ್ಲೆ ಮದರಾಸು ಪ್ರಾಂತ್ಯಕ್ಕೆ ಸೇರಿತ್ತು. ವೈದ್ಯಕೀಯ ಶಿಕ್ಷಣಕ್ಕಾಗಿ ಅವರು ಕಾಶಿ ಹಿಂದೂ ವಿಶ್ವವಿದ್ಯಾಲಯದ ಆಯುರ್ವೇದ ಕಾಲೇಜನ್ನು ಸೇರಿದರು. ಮದನ ಮೋಹನ ಮಾಳವೀಯರ ಆಶಯದಂತೆ ಅಲ್ಲಿ ಆಯುರ್ವೇದದ ಜೊತೆಗೆ ಆಧುನಿಕ ಅಂಗರಚನಾಶಾಸ್ತ್ರ, ಶರೀರಕ್ರಿಯಾಶಾಸ್ತ್ರ ಮತ್ತು ಶಸ್ತ್ರಚಿಕಿತ್ಸೆಗಳನ್ನೂ ಕಲಿಸಲಾಗುತ್ತಿತ್ತು. ಈ ಸಂಯುಕ್ತ ಪದ್ಧತಿಯಲ್ಲಿ ಪದವಿ ಪಡೆದ ಬಳಿಕ ಅಮೆರಿಕಕ್ಕೆ ತೆರಳಿ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಶಸ್ತ್ರಚಿಕಿತ್ಸೆಯ ಸ್ನಾತಕೋತ್ತರ ಪದವಿ ಪಡೆದರು. ಕೆನಡಾದ ಎಫ್.ಆರ್.ಸಿ.ಎಸ್. ಮನ್ನಣೆಯೂ ಅವರಿಗೆ ದೊರೆಯಿತು.

ಗಾಯ ಮಾಯುವಿಕೆಯ ಸಂಶೋಧನೆ

ಬಾಸ್ಟನ್‌ನಲ್ಲಿ ಶಸ್ತ್ರಚಿಕಿತ್ಸಕ ಜೆ. ಎಂಗಲ್‌ಬರ್ಟ್ ಡನ್ಫಿ ಅವರೊಡನೆ ಉಡುಪರು ನಡೆಸಿದ ಅಧ್ಯಯನ 1955ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಗಾಯವು ಮಾಯುವಾಗ ಅಂಗಾಂಶದಲ್ಲಿ ನಡೆಯುವ ರಾಸಾಯನಿಕ ಬದಲಾವಣೆಗಳ ಅನುಕ್ರಮವನ್ನು ಇದು ಗುರುತಿಸಿತು. ಮೊದಲ ಕೆಲವು ದಿನಗಳಲ್ಲಿ ಗಾಯದಲ್ಲಿ ಮ್ಯೂಕೊಪಾಲಿಸ್ಯಾಕರೈಡ್‌ಗಳು ಹೆಚ್ಚುತ್ತವೆ. ಅನಂತರ ಅವು ಇಳಿಮುಖವಾಗಿ, ಗಾಯಕ್ಕೆ ಬಿಗಿ ನೀಡುವ ಕೊಲಾಜನ್ ಏರುತ್ತದೆ. ಪ್ರೋಟೀನ್ ಕೊರತೆಯಿರುವ ಪ್ರಾಣಿಗಳ ಗಾಯದ ಮೇಲೆ ಮಿಥಿಯೊನಿನ್ ಬೀರುವ ಪರಿಣಾಮವನ್ನೂ ಇದೇ ತಂಡ ಅಧ್ಯಯನ ಮಾಡಿತು. ಹೊಟ್ಟೆಯ ಶಸ್ತ್ರಚಿಕಿತ್ಸೆಯ ಬಳಿಕ ಹೊಲಿಗೆ ಬಿಟ್ಟುಕೊಳ್ಳುವುದು ಬಲಹೀನ ರೋಗಿಗಳಲ್ಲಿ ಗಂಭೀರ ಅಪಾಯವಾಗಿದ್ದುದರಿಂದ, ಶಸ್ತ್ರಚಿಕಿತ್ಸಕರಿಗೆ ಈ ವಿಷಯ ಮಹತ್ವದ್ದಾಗಿತ್ತು.

ಉಡುಪ ಸಮಿತಿ

ಭಾರತಕ್ಕೆ ಮರಳಿದ ಉಡುಪರು ಶಿಮ್ಲಾದಲ್ಲಿ ಶಸ್ತ್ರಚಿಕಿತ್ಸಕರಾಗಿ ಸೇವೆ ಸಲ್ಲಿಸಿದರು. 1958ರಲ್ಲಿ ಭಾರತ ಸರ್ಕಾರವು ದೇಶದಲ್ಲಿ ಆಯುರ್ವೇದದ ಸ್ಥಿತಿಗತಿಯನ್ನು ಪರಿಶೀಲಿಸಲು ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ನೇಮಿಸಿತು. 1959ರಲ್ಲಿ ಸಲ್ಲಿಕೆಯಾದ ವರದಿಯು ಶಿಕ್ಷಣ, ಸಂಶೋಧನೆ, ಔಷಧ ತಯಾರಿಕೆ ಮತ್ತು ವೃತ್ತಿಯ ಸ್ಥಿತಿಯನ್ನು ವಿವರವಾಗಿ ಚರ್ಚಿಸಿತು. ಮುಂದೆ 1963ರಲ್ಲಿ ವ್ಯಾಸ ಸಮಿತಿಯು ಶುದ್ಧ ಆಯುರ್ವೇದದ ಪಠ್ಯಕ್ರಮವನ್ನು ಮುಂದಿಟ್ಟಾಗ, ಸಂಯುಕ್ತ ಶಿಕ್ಷಣದ ದಾರಿ ಕ್ರಮೇಣ ಹಿಂದೆ ಸರಿಯಿತು.

ಕಾಶಿಯಲ್ಲಿ

ಆ ವೇಳೆಗೆ ಸಂಯುಕ್ತ ಪದವೀಧರರು ದೇಶದ ಹಲವೆಡೆ ಎಂ.ಬಿ.ಬಿ.ಎಸ್.ಗೆ ಸಮಾನವಾದ ಸ್ಥಾನಮಾನ ಕೇಳುತ್ತಿದ್ದರು. ಕಾಶಿಯ ಆಯುರ್ವೇದ ಕಾಲೇಜು 1960ರಲ್ಲಿ ಆಧುನಿಕ ವೈದ್ಯಕೀಯ ವಿಜ್ಞಾನಗಳ ಕಾಲೇಜಾಗಿ ಪರಿವರ್ತನೆಗೊಂಡಿತು. ಉಡುಪರನ್ನು ರೂಪಿಸಿದ ಕಾಲೇಜು ಹೀಗೆ ಅವರ ಮುಂದಾಳತ್ವದಲ್ಲಿಯೇ ಹೊಸ ರೂಪ ತಳೆಯಿತು. ಆದರೆ ಆಯುರ್ವೇದವನ್ನು ಆವರಣದಿಂದ ಹೊರಗಿಡಲಿಲ್ಲ. 1963ರಲ್ಲಿ ಭಾರತೀಯ ವೈದ್ಯ ಪದ್ಧತಿಯ ಸ್ನಾತಕೋತ್ತರ ಸಂಸ್ಥೆ ಅಲ್ಲಿಯೇ ಆರಂಭವಾಯಿತು. 1971ರಲ್ಲಿ ಕಾಲೇಜು ವೈದ್ಯಕೀಯ ವಿಜ್ಞಾನ ಸಂಸ್ಥೆಯಾಗಿ ಬೆಳೆಯಿತು. ಒಂದೇ ಸಂಸ್ಥೆಯಲ್ಲಿ ಎರಡೂ ಪದ್ಧತಿಗಳ ವಿಭಾಗಗಳು ಇರುವುದು ಇದರ ವೈಶಿಷ್ಟ್ಯ.

ಇತರ ಸಂಶೋಧನೆಗಳು

ಮೂಳೆ ಮುರಿತಕ್ಕೆ ಹಳ್ಳಿಗಳಲ್ಲಿ ಬಳಕೆಯಲ್ಲಿದ್ದ ಮಂಗರವಳ್ಳಿಯನ್ನು ಉಡುಪರು ಮತ್ತು ಗುರುಚರಣ ಪ್ರಸಾದ್ 1960ರ ದಶಕದಲ್ಲಿ ಪರೀಕ್ಷೆಗೆ ಒಳಪಡಿಸಿದರು. ಕೂಡಿದ ಮೂಳೆಯ ಬಲವನ್ನು ಅಳೆದು, ವಿಕಿರಣಶೀಲ ಕ್ಯಾಲ್ಸಿಯಂ-45 ಬಳಸಿ ಖನಿಜ ಸೇರ್ಪಡೆಯನ್ನು ಗುರುತಿಸಿ, ಈ ಬಳ್ಳಿಯ ಸಾರವು ಮುರಿತ ಕೂಡುವಿಕೆಯನ್ನು ಚುರುಕುಗೊಳಿಸುತ್ತದೆ ಎಂದು ಅವರು ವರದಿ ಮಾಡಿದರು.

ಒತ್ತಡ ಮತ್ತು ರೋಗಗಳ ಸಂಬಂಧ ಅವರ ನಂತರದ ವರ್ಷಗಳ ಮುಖ್ಯ ವಿಷಯವಾಯಿತು. ಜಠರದ ಹುಣ್ಣು, ಅಧಿಕ ರಕ್ತದೊತ್ತಡ, ಹೃದಯದ ರಕ್ತನಾಳಗಳ ರೋಗ ಮೊದಲಾದವುಗಳಲ್ಲಿ ಅಸಿಟೈಲ್‌ಕೋಲಿನ್, ಕ್ಯಾಟೆಕೊಲಮೈನ್, ಹಿಸ್ಟಮಿನ್‌ಗಳಂತಹ ವಸ್ತುಗಳ ಪ್ರಮಾಣವನ್ನು ಅವರ ತಂಡ ಅಳೆಯಿತು. ಇಂತಹ ರೋಗಗಳು ಮಾನಸಿಕ, ಮನೋದೈಹಿಕ, ದೈಹಿಕ ಮತ್ತು ಅಂಗಗತ ಎಂಬ ನಾಲ್ಕು ಹಂತಗಳಲ್ಲಿ ಬೆಳೆಯುತ್ತವೆ ಎಂದು ಅವರು ಪ್ರತಿಪಾದಿಸಿದರು. ಆರೋಗ್ಯವಂತ ಯುವಕರಲ್ಲಿ ಯೋಗಾಭ್ಯಾಸದಿಂದಾಗುವ ಶಾರೀರಿಕ ಬದಲಾವಣೆಗಳನ್ನೂ ದಾಖಲಿಸಿದರು.

ಅದೇ ಆವರಣದಲ್ಲಿ ಇತರರು ನಡೆಸಿದ ಎರಡು ಕಾರ್ಯಗಳೂ ಗಮನಾರ್ಹ. ಕನ್ನಡತಿ ಜಿ. ವಿ. ಸತ್ಯವತಿಯವರು 1966ರ ಪ್ರಬಂಧದಲ್ಲಿ, ರಕ್ತದ ಕೊಬ್ಬು ಮತ್ತು ರಕ್ತನಾಳಗಳ ಪೆಡಸಾಗುವಿಕೆಯ ಮೇಲೆ ಗುಗ್ಗುಳದ ಪರಿಣಾಮವನ್ನು ಪರೀಕ್ಷಿಸಿದರು. ಪಿ. ಜೆ. ದೇಶಪಾಂಡೆಯವರು ಭಗಂದರಕ್ಕೆ ಕ್ಷಾರಸೂತ್ರ ಚಿಕಿತ್ಸೆಯನ್ನು ಪುನರುಜ್ಜೀವನಗೊಳಿಸಿದರು. ಕಳ್ಳಿಯ ಹಾಲು, ಉತ್ತರಾಣಿಯ ಕ್ಷಾರ ಮತ್ತು ಅರಿಶಿನವನ್ನು ಪದರ ಪದರವಾಗಿ ಲೇಪಿಸಿದ ದಾರವೇ ಕ್ಷಾರಸೂತ್ರ. 1991ರಲ್ಲಿ ಪ್ರಕಟವಾದ ಬಹುಕೇಂದ್ರ ಪ್ರಯೋಗವೊಂದರಲ್ಲಿ ಇದರಿಂದ ಗುಣವಾಗಲು ಸುಮಾರು 8 ವಾರ, ಶಸ್ತ್ರಚಿಕಿತ್ಸೆಯಿಂದ 4 ವಾರ ಬೇಕಾಯಿತು. ರೋಗ ಮರುಕಳಿಸಿದ್ದು ಮಾತ್ರ ಕ್ರಮವಾಗಿ ಶೇ. 4 ಮತ್ತು ಶೇ. 11ರಷ್ಟು.

ಕೃತಿಗಳು

ಸೈನ್ಸ್ ಅಂಡ್ ಫಿಲಾಸಫಿ ಆಫ್ ಇಂಡಿಯನ್ ಮೆಡಿಸಿನ್ (1978, ಆರ್. ಎಚ್. ಸಿಂಗ್ ಅವರೊಡನೆ ಸಂಪಾದನೆ)
ಸ್ಟ್ರೆಸ್ ಅಂಡ್ ಇಟ್ಸ್ ಮ್ಯಾನೇಜ್‌ಮೆಂಟ್ ಬೈ ಯೋಗ (1985)

ಗೌರವ ಮತ್ತು ನಿಧನ

ಭಾರತ ಸರ್ಕಾರವು 1969ರಲ್ಲಿ ಉಡುಪರಿಗೆ ಪದ್ಮಶ್ರೀ ಪ್ರಶಸ್ತಿ ನೀಡಿ ಗೌರವಿಸಿತು. ಅವರು 1992ರಲ್ಲಿ ನಿಧನರಾದರು. ವೈದ್ಯಕೀಯ ವಿಜ್ಞಾನ ಸಂಸ್ಥೆಯ ಸಭಾಂಗಣಕ್ಕೆ ಅವರ ಹೆಸರಿಡಲಾಗಿದೆ.